ಬಿಲ್ಲಿನಲ್ಲಿರುವ ಜೆ1745 ಅಂದರೇನು?

ಅಮೆರಿಕದಲ್ಲಿ ಸಂಧಿವಾತಕ್ಕೆ ಡ್ರಿಪ್ ಹಾಕಿಸಿಕೊಂಡವರ ಮನೆಗೆ ಕೆಲವು ವಾರಗಳ ಬಳಿಕ ಬಿಲ್ಲು ಬರುತ್ತದೆ. ಅದರಲ್ಲಿ ಔಷಧಿಯ ಹೆಸರು ಸುಲಭಕ್ಕೆ ಸಿಗದು. ಜೆ1745 ಎಂದಿರುತ್ತದೆ, ಪಕ್ಕದಲ್ಲಿ 21 ಅಥವಾ 30 ಎಂಬ ಸಂಖ್ಯೆ, ಅದರ ಕೆಳಗೆ ಕಿಮೋಥೆರಪಿ ಎಂಬ ಶಬ್ದ. ಗಂಟು ನೋವೆಂದು ಹೋದ ತಾಯಿಗೆ ಕ್ಯಾನ್ಸರ್ ಇದೆಯೇ ಎಂದು ಮಕ್ಕಳು ಗಾಬರಿಯಾದರೆ ಅದು ಅವರ ತಪ್ಪಲ್ಲ. ನಮ್ಮ ಊರುಗಳಿಂದ ಅಲ್ಲಿಗೆ ಹೋಗಿ ನೆಲೆಸಿದ ಕುಟುಂಬಗಳಿಗೂ ಇಂತಹ ಕಾಗದ ಬರುವುದುಂಟು. ಆದ್ದರಿಂದ ಈ ಸಲ ಅದನ್ನೇ ಓದೋಣ.

ಜೆ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಹೆಚ್ಚಾಗಿ ವೈದ್ಯರ ಬಳಿ ಚುಚ್ಚಿಸಿಕೊಳ್ಳುವ ಔಷಧಿಗಳವು. ಜೆ1745 ಎಂದರೆ ಇನ್‌ಫ್ಲಿಕ್ಸಿಮ್ಯಾಬ್, ರೆಮಿಕೇಡ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಔಷಧಿ. ಇನ್ನು ಕಿಮೋಥೆರಪಿಯ ವಿಷಯ. ಡ್ರಿಪ್‌ನ ಮೊದಲ ಗಂಟೆಗೆ 96413, ನಂತರದ ಗಂಟೆಗೆ 96415 ಎಂಬ ಸಂಕೇತಗಳನ್ನು ಸಾಮಾನ್ಯವಾಗಿ ಬರೆಯುತ್ತಾರೆ. ಆ ಸಂಕೇತಗಳ ಶೀರ್ಷಿಕೆಯಲ್ಲಿ ಕಿಮೋಥೆರಪಿ ಎಂದಿದೆ. ಹೆಚ್ಚಿನ ನಿಗಾ ಬೇಕಾದ ಇಂತಹ ಔಷಧಿಗಳನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ, ಅಷ್ಟೇ. ಒಂದು ಸಾಲಿನ ವಿವರಣೆ ಕೊಟ್ಟಿದ್ದರೆ ಎಷ್ಟು ಮನೆಗಳ ನಿದ್ದೆ ಉಳಿಯುತ್ತಿತ್ತು!

ಔಷಧಿ ಮಾತ್ರ ದೊಡ್ಡದೇ. ನಮ್ಮ ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ತನ್ನ ಗಂಟುಗಳನ್ನೇ ಶತ್ರುವೆಂದು ಬಗೆದು ಉರಿಯೆಬ್ಬಿಸುವ ಕಾಯಿಲೆ ರುಮಟಾಯ್ಡ್ ಸಂಧಿವಾತ. ಆ ಉರಿಗೆ ಎಣ್ಣೆ ಸುರಿಯುವ ಟಿಎನ್‌ಎಫ್ ಎಂಬ ವಸ್ತುವನ್ನು ಇದು ಹಿಡಿದು ಕಟ್ಟಿಹಾಕುತ್ತದೆ. 1992ರಲ್ಲಿ ಲಂಡನ್ನಿನಲ್ಲಿ ಇದನ್ನು ಮೊದಲಿಗೆ ಸಂಧಿವಾತದ ರೋಗಿಗಳಿಗೆ ಕೊಟ್ಟು ನೋಡಿದ ತಂಡವನ್ನು ನಡೆಸಿದವರು ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ. ಮೈನಿಯವರು ಹುಟ್ಟಿದ್ದು ಪಂಜಾಬಿನ ಲುಧಿಯಾನದಲ್ಲಿ. ಅಮೆರಿಕದಲ್ಲಿ 1998ರಲ್ಲಿ ಕರುಳಿನ ಕ್ರೋನ್ಸ್ ಕಾಯಿಲೆಗೆ, 1999ರಲ್ಲಿ ಮೆಥೊಟ್ರೆಕ್ಸೇಟ್ ಜೊತೆಗೆ ರುಮಟಾಯ್ಡ್ ಸಂಧಿವಾತಕ್ಕೆ ಒಪ್ಪಿಗೆ ಸಿಕ್ಕಿತು. ಬೆನ್ನುಮೂಳೆ ಬಿಗಿಯುವ ಕಾಯಿಲೆ, ಸೋರಿಯಾಸಿಸ್ ಮುಂತಾದವು ನಂತರ ಸೇರಿದವು. ವಯಸ್ಸಾಗಿ ಸವೆದ ಮೊಣಕಾಲಿಗೆ ಇದು ಮದ್ದಲ್ಲ. ಅದಕ್ಕಾಗಿಯೇ ಬಿಲ್ಲಿನಲ್ಲಿ ಔಷಧಿಯ ಸಂಕೇತದ ಜೊತೆ ಕಾಯಿಲೆಯ ಸಂಕೇತವೂ ಇರಬೇಕು. ಎರಡೂ ಹೊಂದದಿದ್ದರೆ ವಿಮೆಯವರು ಹಣ ಕೊಡುವುದಿಲ್ಲ.

ಒಂದು ಎಚ್ಚರಿಕೆ. ದೇಹದೊಳಗೆ ಮಲಗಿರುವ ಕ್ಷಯರೋಗವನ್ನು ಇದು ಎಬ್ಬಿಸಬಲ್ಲದು. 2001ರಲ್ಲಿ ಇಂತಹ 70 ಪ್ರಕರಣಗಳ ವರದಿ ಪ್ರಕಟವಾದ ಬಳಿಕ, ಔಷಧಿ ಆರಂಭಿಸುವ ಮುನ್ನ ಕ್ಷಯ ಪರೀಕ್ಷೆ ಮಾಡುವುದು ಕಡ್ಡಾಯದಂತಾಗಿದೆ. ಭಾರತದಲ್ಲಿ ಬೆಳೆದವರು ಆ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲಿ ಚರ್ಮದ ಪರೀಕ್ಷೆ ಗೊಂದಲ ಮಾಡಬಹುದು, ರಕ್ತ ಪರೀಕ್ಷೆಗೆ ಆ ತೊಂದರೆಯಿಲ್ಲ.

ಈಗ ಆ ಸಂಖ್ಯೆಗೆ ಬರೋಣ. ಜೆ1745ರ ಒಂದು ಘಟಕವೆಂದರೆ 10 ಮಿಲಿಗ್ರಾಂ. ಸಂಧಿವಾತಕ್ಕೆ ಆರಂಭದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಮೊದಲ ದಿನ, ಎರಡನೇ ವಾರ, ಆರನೇ ವಾರ, ಮುಂದೆ ಎಂಟು ವಾರಕ್ಕೊಮ್ಮೆ. 70 ಕಿಲೋ ತೂಕದವರಿಗೆ 210 ಮಿಲಿಗ್ರಾಂ, ಅಂದರೆ 21 ಘಟಕ. ಆದರೆ ಬಾಟಲಿ ಬರುವುದು 100 ಮಿಲಿಗ್ರಾಂನದು. ಮೂರು ಒಡೆಯಲೇಬೇಕು. ಉಳಿದ 90 ಮಿಲಿಗ್ರಾಂ ಇನ್ನೊಬ್ಬರಿಗೆ ಕೊಡುವಂತಿಲ್ಲ, ಕೆಡದಂತೆ ಇಡುವ ಯಾವ ವಸ್ತುವೂ ಅದರಲ್ಲಿಲ್ಲ. ಚೆಲ್ಲುತ್ತಾರೆ. 66 ಕಿಲೋದವರಿಗೆ 198 ಮಿಲಿಗ್ರಾಂ, ಎರಡೇ ಬಾಟಲಿ ಸಾಕು. ನಾಲ್ಕು ಕಿಲೋ ವ್ಯತ್ಯಾಸಕ್ಕೆ ಒಂದು ಬಾಟಲಿ!

ಚೆಲ್ಲಿದ 9 ಘಟಕಗಳನ್ನು ಜೆಡಬ್ಲ್ಯೂ ಎಂಬ ಗುರುತಿನೊಂದಿಗೆ ಬೇರೆ ಸಾಲಿನಲ್ಲಿ ಬರೆಯಬೇಕೆಂದು ಸರಕಾರಿ ವಿಮೆಯಾದ ಮೆಡಿಕೇರ್ 2017ರ ಜನವರಿಯಿಂದ ಕಡ್ಡಾಯ ಮಾಡಿತು. ಚೆಲ್ಲಿದ್ದು ಏನೂ ಇಲ್ಲದಿದ್ದರೆ ಜೆಝಡ್ ಎಂದು ಬರೆಯುವ ನಿಯಮ 2023ರ ಜುಲೈಯಿಂದ. ಸಂತೆಯಲ್ಲಾದರೆ ಹೆಚ್ಚಾದದ್ದು ಕೊಸರು, ಗಿರಾಕಿಗೆ ಲಾಭ. ಇಲ್ಲಿ ಹೆಚ್ಚಾದದ್ದಕ್ಕೂ ರೋಗಿಯೇ ಪಾಲು ಕೊಡಬೇಕು. ಬೇರೆ ಪೂರಕ ವಿಮೆ ಇಲ್ಲದವರು ಮೆಡಿಕೇರ್‌ನಲ್ಲಿ ಶೇ. 20ನ್ನು ಕೈಯಿಂದ ಕಟ್ಟುತ್ತಾರೆ, 21 ಘಟಕಕ್ಕಲ್ಲ, ಪೂರಾ 30ಕ್ಕೆ. 2021ರ ಕಾನೂನೊಂದು, ಒಂಟಿ ಬಳಕೆಯ ಬಾಟಲಿಗಳಲ್ಲಿ ನಿಗದಿತ ಮಿತಿ ಮೀರಿ ವ್ಯರ್ಥವಾದ ಔಷಧಿಯ ಹಣವನ್ನು ತಯಾರಕರು ಮರಳಿಸಬೇಕೆಂದು ಹೇಳಿತು. ಮಿತಿ ಸಾಮಾನ್ಯವಾಗಿ ಶೇ. 10. ಒಳ್ಳೆಯದೇ. ಆದರೆ ಆ ಹಣ ಸೇರುವುದು ಮೆಡಿಕೇರ್ ನಿಧಿಗೆ, ರೋಗಿಯ ಜೇಬಿಗಲ್ಲ. ಇದು ನನಗೆ ನ್ಯಾಯವೆನಿಸುವುದಿಲ್ಲ.

ಆದ್ದರಿಂದ ಬಿಲ್ಲು ಬಂದಾಗ ಆ ದಿನದ ತೂಕವನ್ನು ಬರೆದಿಟ್ಟುಕೊಂಡು ಘಟಕಗಳನ್ನು ಲೆಕ್ಕ ಹಾಕಿ ನೋಡಿ. 30ರ ಜಾಗದಲ್ಲಿ 300 ಇದ್ದರೆ ಯಾರೋ ಮಿಲಿಗ್ರಾಂ ಅನ್ನೇ ಘಟಕವೆಂದು ತಿಳಿದು ಬರೆದಿದ್ದಾರೆ ಎಂದರ್ಥ. ಆದರೆ ಎಲ್ಲ ಔಷಧಿಗೂ ಒಂದೇ ಅಳತೆಯಲ್ಲ. ಟೊಸಿಲಿಜುಮ್ಯಾಬ್‌ನ ಜೆ3262ರಲ್ಲಿ ಘಟಕ 1 ಮಿಲಿಗ್ರಾಂ, ಅಲ್ಲಿ 400 ಇದ್ದರೂ ಸರಿಯಿರಬಹುದು. ಕ್ಯೂ5103, ಕ್ಯೂ5104 ಅಥವಾ ಕ್ಯೂ5121 ಎಂದಿದ್ದರೆ ಅವು ಇನ್‌ಫ್ಲಿಕ್ಸಿಮ್ಯಾಬ್‌ನ ಹೋಲಿಕೆಯ ಔಷಧಿಗಳು. ಕೊಟ್ಟದ್ದು ಅದನ್ನಾದರೆ ಬಿಲ್ಲಿನಲ್ಲೂ ಅದೇ ಇರಬೇಕು. ಪ್ರಮಾಣವನ್ನು ಹತ್ತಿರದ ಬಾಟಲಿಗೆ ಹೊಂದಿಸಲು ಸಾಧ್ಯವೇ ಎಂದು ಮುಂದಿನ ಡ್ರಿಪ್‌ಗೆ ಮುನ್ನ ವೈದ್ಯರನ್ನೇ ಕೇಳಬಹುದು. ಕೆಲವೆಡೆ ಹಾಗೆ ಮಾಡುತ್ತಾರೆ.