ಗೊನೆಯ ಕೆಳಗಲ್ಲ, ಬದುವಿನ ಹೊಂಗೆಗೆ ಕಟ್ಟಿ ಜೋಲಿ

ಹ್ಯಾಮಕ್ ಅಂದ ಕೂಡಲೇ ಕಣ್ಮುಂದೆ ಬರುವುದು ಒಂದೇ ಚಿತ್ರ: ಎರಡು ತೆಂಗಿನ ಮರ, ನಡುವೆ ಬಿಗಿದ ಬಣ್ಣದ ಬಟ್ಟೆ, ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಮಲಗಿದ ಒಬ್ಬ ಸುಖಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಿಗೆ ವಾರದ ಕೊನೆಗೆ ಬಂದಿಳಿಯುವವರ ಕಾರಿನ ಡಿಕ್ಕಿಯಲ್ಲೂ ಈಗ ಅಂಥದೊಂದು ಗಂಟು ಇರುವುದುಂಟು. ಮಧ್ಯಾಹ್ನ ಅರ್ಧ ಗಂಟೆ ಒರಗುವುದಕ್ಕೆ ಹೇಗೆ ಕಟ್ಟಿದರೂ ನಡೆಯುತ್ತದೆ. ಇಡೀ ರಾತ್ರಿ ಮಲಗಿದವರು ಮಾತ್ರ ಬೆಳಿಗ್ಗೆ ಸೊಂಟ ಹಿಡಿದುಕೊಂಡೇ ಏಳುತ್ತಾರೆ, ಜೋಲಿಯಲ್ಲಿ ನಿದ್ದೆ ಬರುವುದಿಲ್ಲ ಎಂದು ತೀರ್ಪು ಕೊಟ್ಟು ಅದನ್ನು ಮತ್ತೆ ಗಂಟು ಕಟ್ಟುತ್ತಾರೆ. ಜೋಲಿಯದೇನೂ ತಪ್ಪಿಲ್ಲ. ಕಟ್ಟಿದ ರೀತಿ ತಪ್ಪು, ಕಟ್ಟಿದ ಜಾಗ ಅದಕ್ಕಿಂತ ದೊಡ್ಡ ತಪ್ಪು.

ಮೊದಲು ರೀತಿಯ ಮಾತು. ಮಂಚದ ಅಭ್ಯಾಸವಿರುವವರಿಗೆ ಹಾಸಿಗೆ ಎಂದರೆ ಸಪಾಟಾಗಿರಬೇಕು. ಅದಕ್ಕೇ ಜೋಲಿಯನ್ನೂ ತಂತಿಯಂತೆ ಎಳೆದು ಬಿಗಿಯುತ್ತಾರೆ. ಬಿಗಿದಷ್ಟೂ ಬಟ್ಟೆಯ ಎರಡು ಅಂಚು ಮೇಲೆದ್ದು ಭುಜವನ್ನು ಹಿಸುಕುತ್ತವೆ, ಹೊರಳಿದರೆ ಮಗುಚುತ್ತದೆ. ಕಳೆ ಕೀಳಲು ಬಂದ ತಾಯಂದಿರು ಹೊಲದ ಬದುವಿನಲ್ಲಿ ಮಗುವಿಗೆ ಕಟ್ಟುವ ಸೀರೆಯ ಜೋಲಿಯನ್ನು ನೋಡಿ. ಅದು ಯಾವತ್ತಾದರೂ ಬಿಗಿಯಾಗಿರುತ್ತದೆಯೇ? ಜೋತುಬಿದ್ದು ಹೊಟ್ಟೆ ಬಿಟ್ಟುಕೊಂಡಿರುತ್ತದೆ. ದೊಡ್ಡವರ ಜೋಲಿಗೂ ಅದೇ ನಿಯಮ.

ಎಷ್ಟು ಸಡಿಲ? ಹಗ್ಗ ನೆಲಕ್ಕೆ ಸಮಾನಾಂತರವಾದ ಗೆರೆಯಿಂದ ಸುಮಾರು 30 ಡಿಗ್ರಿ ಇಳಿಜಾರಾಗಿರಬೇಕು. ಕೋನಮಾಪಕ ಬೇಕಿಲ್ಲ. ಮರದಿಂದ ಜೋಲಿಯ ತುದಿಗೆ 7 ಅಡಿ ದೂರವಿದ್ದರೆ ಹಗ್ಗ 4 ಅಡಿ ಕೆಳಗಿಳಿದಿರಬೇಕು, ಲೆಕ್ಕ ಅಷ್ಟೇ. ಇದು ಬರೀ ಸುಖದ ಪ್ರಶ್ನೆಯಲ್ಲ. 70 ಕಿಲೋ ತೂಕದವರು ಮಲಗಿದಾಗ 30 ಡಿಗ್ರಿಯಲ್ಲಿ ಒಂದೊಂದು ಬದಿಯ ಹಗ್ಗದ ಮೇಲೆ ಬೀಳುವ ಎಳೆತ 70 ಕಿಲೋ. ಅದೇ ಹಗ್ಗವನ್ನು 10 ಡಿಗ್ರಿಗೆ ಬಿಗಿದರೆ ಎಳೆತ 200 ಕಿಲೋ ಮುಟ್ಟುತ್ತದೆ, 5 ಡಿಗ್ರಿಯಾದರೆ 400. ಕೊಂಡಿ ಮುರಿಯುವುದು, ಹೊಲಿಗೆ ಬಿಚ್ಚುವುದು, ಮಧ್ಯರಾತ್ರಿ ದೊಪ್ಪೆಂದು ಬೀಳುವುದು ಬಹುಪಾಲು ಈ ಬಿಗಿತದಿಂದಲೇ. ಅನುಭವಿಗಳು ಜೋಲಿಯ ಎರಡೂ ತುದಿಗಳ ನಡುವೆ, ತಲೆಯ ಮೇಲೆ ಹಾಯುವಂತೆ, ಒಂದು ಸಣ್ಣ ದಾರ ಕಟ್ಟುತ್ತಾರೆ. ಅದರ ಉದ್ದ ಜೋಲಿಯ ಉದ್ದದ ನೂರಕ್ಕೆ 83ರಷ್ಟು. 11 ಅಡಿಯ ಜೋಲಿಗೆ 9 ಅಡಿಯ ಮೇಲೆ ಒಂದೆರಡು ಅಂಗುಲ. ಮರಗಳ ಅಂತರ ಎಷ್ಟೇ ಇರಲಿ, ಜೋಲಿಯ ಜೋತು ಬದಲಾಗದಂತೆ ಆ ದಾರ ನೋಡಿಕೊಳ್ಳುತ್ತದೆ.

ಜೋಲಿ ಕೊಂಡವರಲ್ಲಿ ಹೆಚ್ಚಿನವರಿಗೆ ಗೊತ್ತಿರದ ಗುಟ್ಟು ಒಂದಿದೆ: ಉದ್ದಕ್ಕೆ ಮಲಗಬಾರದು, ಓರೆಯಾಗಿ ಮಲಗಬೇಕು. ತಲೆ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ ಸರಿದರೆ ಬಟ್ಟೆ ತಾನಾಗಿ ಅಗಲವಾಗಿ, ಬೆನ್ನು ಹೆಚ್ಚುಕಡಿಮೆ ಸಪಾಟಾಗುತ್ತದೆ. ಬಾಳೆಹಣ್ಣಿನಂತೆ ಬಾಗಿ ಮಲಗುವ ಶಿಕ್ಷೆ ತಪ್ಪುವುದು ಇದರಿಂದಲೇ. ಕಾಲಿನ ಕಡೆಯ ತುದಿಯನ್ನು ಒಂದು ಗೇಣಿನಷ್ಟು ಎತ್ತರಕ್ಕೆ ಕಟ್ಟಿದರೆ ಮೈ ರಾತ್ರಿಯಲ್ಲಿ ಜಾರಿ ನಡುವೆ ಗುಡ್ಡೆಯಾಗುವುದಿಲ್ಲ. ಮಂಡಿಯ ಹಿಂಭಾಗ ಸೆಳೆದರೆ ಅಲ್ಲಿಗೆ ಮಡಚಿದ ಟವೆಲ್ ಸಾಕು. ಕೂತಾಗ ಜೋಲಿ ಕುರ್ಚಿಯ ಎತ್ತರದಲ್ಲಿ, ಅಂದರೆ ಒಂದೂವರೆ ಅಡಿಯಲ್ಲಿ ನಿಲ್ಲಬೇಕು. ಅದಕ್ಕಿಂತ ಮೇಲೆ ಕಟ್ಟುವುದು ಶೋಕಿ. ಕತ್ತಲಲ್ಲಿ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ.

ಹಗ್ಗದ ವಿಷಯದಲ್ಲಿ ಈ ಸೀಮೆಯವರಿಗೆ ಬೇಸರವಾಗುವ ಮಾತೊಂದನ್ನು ಹೇಳಲೇಬೇಕು. ನಮ್ಮ ನಾರಿನ ಹಗ್ಗ ನೀರಿಗೆ ಸುಲಭಕ್ಕೆ ಕೊಳೆಯದು, ನಿಜ. ಆದರೆ ತೆಂಗಿನ ನಾರು ಬಹಳ ಹಿಗ್ಗುತ್ತದೆ. ಸಂಜೆ ಒಂದೂವರೆ ಅಡಿ ಮೇಲಿದ್ದ ಜೋಲಿ ಬೆಳಗಿನ ಜಾವಕ್ಕೆ ನೆಲ ಸವರುತ್ತಿರುತ್ತದೆ. ನೈಲಾನಿನದೂ ಅದೇ ಕಥೆ, ನೆನೆದರೆ ಇನ್ನಷ್ಟು. ಹಿಗ್ಗದಿರುವುದು ಪಾಲಿಯೆಸ್ಟರ್ ಪಟ್ಟಿ. ಅಗಲವಾಗಿರುವುದರಿಂದ ತೊಗಟೆಯನ್ನೂ ಕೊರೆಯುವುದಿಲ್ಲ.

ಇನ್ನು ಜಾಗ. ಇಲ್ಲಿಂದಲೇ ತೆಂಗಿನ ನಾಡಿನ ನಿಜವಾದ ತಕರಾರು ಶುರುವಾಗುವುದು.

ತೋಟದಲ್ಲಿ ಮರದಿಂದ ಮರಕ್ಕೆ 25ರಿಂದ 30 ಅಡಿ. ಜೋಲಿಗೆ ಹಿತವಾದ ಅಂತರ 12ರಿಂದ 15 ಅಡಿ. ಆ 30 ಡಿಗ್ರಿ ಇಳಿಜಾರು ಉಳಿಯಬೇಕೆಂದರೆ 12 ಅಡಿ ಅಂತರದಲ್ಲಿ 5 ಅಡಿ ಎತ್ತರಕ್ಕೆ ಕಟ್ಟಿದರಾಯಿತು. 25 ಅಡಿ ಅಂತರದಲ್ಲಿ ಎಂಟೂವರೆ ಅಡಿಗೆ, 30 ಅಡಿಯಲ್ಲಿ 10 ಅಡಿಗೆ ಹತ್ತಬೇಕು. ಏಣಿ ತರುವ ಉಸಾಬರಿ ಯಾರಿಗೆ ಬೇಕು? ಕೈಗೆಟಕುವ ಎತ್ತರಕ್ಕೇ ಕಟ್ಟುತ್ತಾರೆ, ಮೈ ನೆಲಕ್ಕೆ ತಾಗಬಾರದೆಂದು ಜಗ್ಗಿ ಬಿಗಿಯುತ್ತಾರೆ. ಬಿಗಿತದ ಪಾಡು ಆಗಲೇ ಹೇಳಿಯಾಯಿತು.

ಅಂತರದ ಸಮಸ್ಯೆಯನ್ನು ಏಣಿ ಬಗೆಹರಿಸೀತು, ತಲೆಯ ಮೇಲಿನದ್ದನ್ನು ಬಗೆಹರಿಸದು. ಕರಾವಳಿಯ ರೆಸಾರ್ಟಿನವರು ಅತಿಥಿಗಳು ಕೂರುವೆಡೆ ಕಾಯಿ ಬಲಿಯುವ ಮುಂಚೆಯೇ ಕೆಡವಿಸುತ್ತಾರೆ. 2010ರಲ್ಲಿ ಬರಾಕ್ ಒಬಾಮ ಮುಂಬೈನ ಮಣಿ ಭವನಕ್ಕೆ ಬರುವ ಮುನ್ನ ಅಲ್ಲಿನ ತೆಂಗಿನ ಮರಗಳ ಕಾಯಿಗಳನ್ನೂ ಕೀಳಿಸಿದ್ದರು. ತಿಪಟೂರು ಸೀಮೆಯಲ್ಲಿ ಹಾಗೆ ಮಾಡುವವರಿಲ್ಲ, ಮಾಡಿ ಎನ್ನುವುದೂ ತಪ್ಪು. ಇಲ್ಲಿಯ ಬದುಕು ಉಂಡೆ ಕೊಬ್ಬರಿಯದು. ಅದಕ್ಕೆ ಕಾಯಿ ಮರದಲ್ಲೇ ಹನ್ನೊಂದು ಹನ್ನೆರಡು ತಿಂಗಳು ಪೂರ್ತಿ ಬಲಿಯಬೇಕು, ಆಮೇಲೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ಒಳಗಿನ ನೀರು ಇಂಗಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ಆ ವರ್ಷ ತಿಪಟೂರು ಮಾರುಕಟ್ಟೆಯ ಧಾರಣೆ ಅದರ ದುಪ್ಪಟ್ಟನ್ನೂ ದಾಟಿತು. ಯಾರೋ ಮಲಗುತ್ತಾರೆಂದು ಎಳಸು ಕಾಯಿ ಇಳಿಸುವ ರೈತ ಎಲ್ಲಿ ಸಿಗುತ್ತಾನೆ?

ಮರ ತಿಂಗಳಿಗೊಂದರಂತೆ ಹೊಂಬಾಳೆ ಬಿಡುವುದರಿಂದ ಅದರ ಮೇಲೆ ಎಲ್ಲ ವಯಸ್ಸಿನ ಗೊನೆಗಳೂ ಒಟ್ಟಿಗೇ ಇರುತ್ತವೆ. ಹಾಗಾಗಿ ನಿರಪಾಯದ ತಿಂಗಳು ಅಂತ ಒಂದಿಲ್ಲ. ತಿಂಗಳಿಗೊಂದು ಗರಿಯೂ ಕಳಚಿ ಬೀಳುತ್ತದೆ, ಅದರ ಎಡಮಟ್ಟೆಯ ಪೆಟ್ಟೂ ಸಣ್ಣದಲ್ಲ. 50 ಅಡಿ ಎತ್ತರದಿಂದ ಬೀಳುವ ಬಲಿತ ಕಾಯಿ ನೆಲ ಮುಟ್ಟುವಾಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ 150 ಜನ ತೆಂಗಿನಕಾಯಿ ಬಿದ್ದು ಸಾಯುತ್ತಾರೆ ಎಂದು ಹರಿದಾಡುವ ಅಂಕಿಗೆ ಬುಡವಿಲ್ಲ. ಬುಡವಿರುವ ಲೆಕ್ಕ ಪೀಟರ್ ಬಾರ್ಸ್ ಎಂಬ ವೈದ್ಯರು 1984ರಲ್ಲಿ ಪ್ರಕಟಿಸಿದ್ದು: ಪಾಪುವಾ ನ್ಯೂಗಿನಿಯ ಒಂದು ಆಸ್ಪತ್ರೆಗೆ ನಾಲ್ಕು ವರ್ಷಗಳಲ್ಲಿ ದಾಖಲಾದ ಗಾಯಾಳುಗಳಲ್ಲಿ ನೂರಕ್ಕೆ ಎರಡೂವರೆ ಮಂದಿ ಕಾಯಿ ಬಿದ್ದು ಪೆಟ್ಟಾದವರು. ತೋಟದವರು ಕಾಯಿ ಬೀಳುವ ಮರದ ಬುಡದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೆಂಟರಾಗಿ ಬಂದವರು ಅಲ್ಲೇ ಹಾಸಿಗೆ ಕಟ್ಟುತ್ತಾರೆ.

ಮರದ ಆರೋಗ್ಯವನ್ನೂ ನೋಡಬೇಕು. ಬುಡದಲ್ಲಿ ಕಂದು ರಸ ಸೋರುತ್ತಿದ್ದರೆ, ಅಣಬೆ ಎದ್ದಿದ್ದರೆ ಅದು ಬೇರು ಕೊಳೆತ ಮರ. ಅದಕ್ಕೆ ಹಗ್ಗ ಕಟ್ಟುವ ಯೋಚನೆಯೇ ಬೇಡ. ಕೊಕ್ಕೆಗೆಂದು ಮೊಳೆ ಹೊಡೆಯುವವರಿದ್ದಾರೆ, ಅವರನ್ನು ತೋಟದೊಳಗೇ ಬಿಡಬಾರದು. ಮಾವು ಹಲಸಿನಂತೆ ತೆಂಗು ತನ್ನ ಗಾಯದ ಮೇಲೆ ಹೊಸ ತೊಗಟೆ ಬೆಳೆಸಿಕೊಳ್ಳುವುದಿಲ್ಲ. ಒಮ್ಮೆ ಆದ ತೂತು ಹಾಗೇ ಉಳಿಯುತ್ತದೆ, ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬರುತ್ತದೆ. ಅಡಿಕೆ ಮರವಂತೂ ಮನುಷ್ಯನ ಭಾರಕ್ಕೆ ಹುಟ್ಟಿದ್ದಲ್ಲ.

ಹಾಗಾದರೆ ಎಲ್ಲಿ? ಬದುವಿಗೆ ಬನ್ನಿ. ಹೊಂಗೆ, ಮಾವು, ಹುಣಸೆ, ಹಲಸು ಬದುವಿನಲ್ಲಿ ಹತ್ತಿರ ಹತ್ತಿರವೇ ಇರುತ್ತವೆ. ಕಾಂಡ ಗಟ್ಟಿ, ನೆರಳೂ ದಟ್ಟ. ಹಲಸು ಹಣ್ಣಾಗುವ ಕಾಲದಲ್ಲಿ ಮಾತ್ರ ಅದರಿಂದಲೂ ದೂರ.

ಇಷ್ಟನ್ನೆಲ್ಲ ಬರೀ ವಾರಾಂತ್ಯದ ಪ್ರವಾಸಿಗಳಿಗಾಗಿ ಹೇಳುವುದಾದರೆ ಪತ್ರಿಕೆಯ ಜಾಗ ದಂಡ. ಈ ಮೂರು ತಾಲ್ಲೂಕುಗಳಲ್ಲಿ ರಾತ್ರಿ ತೋಟದಲ್ಲಿ ಮಲಗುವವರು ಬೇರೆಯೇ ಇದ್ದಾರೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಮೋಟಾರು ಹಾಕಿ, ನೀರು ತಿರುಗಿಸಲು ಕಾಯುವ ರೈತರು ಅವರು. ಪಂಪ್‌ಹೌಸಿನ ಪಕ್ಕ ಗೋಣಿತಾಟು ಹಾಸಿ ನೆಲದ ಮೇಲೆ ಒರಗುತ್ತಾರೆ. ಕಟ್ಟುಹಾವು ರಾತ್ರಿ ಸಂಚಾರಿ, ಅದಕ್ಕೆ ಸಿಕ್ಕುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರೇ. ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸುಮ್ಮನಲ್ಲ. ನೆಲದಿಂದ ಒಂದೂವರೆ ಅಡಿ ಮೇಲಿನ ಜೋಲಿ, ಅದಕ್ಕೊಂದು ಸೊಳ್ಳೆಪರದೆ: ಇದು ಶೋಕಿಯಲ್ಲ, ಆ ರೈತರಿಗೆ ಸಿಗಬಹುದಾದ ಅತಿ ಅಗ್ಗದ ರಕ್ಷಣೆ. ಮಡಚಿದರೆ ಕೈಚೀಲದಲ್ಲಿ ಕೂರುತ್ತದೆ.

ನಿದ್ದೆಯ ಗುಣಕ್ಕೂ ಒಂದಿಷ್ಟು ಆಧಾರವಿದೆ. ಸ್ವಿಟ್ಜರ್ಲೆಂಡಿನ ಜಿನೀವಾದ ಸಂಶೋಧಕರು 2011ರಲ್ಲಿ 12 ಜನರನ್ನು ನಿಧಾನವಾಗಿ ತೂಗುವ ಮಂಚದಲ್ಲಿ ಮಲಗಿಸಿ ನೋಡಿದರು. ಅವರಿಗೆ ನಿದ್ದೆ ಬೇಗ ಹತ್ತಿತು. 2019ರಲ್ಲಿ ಇಡೀ ರಾತ್ರಿಯ ಪ್ರಯೋಗದಲ್ಲಿ ಗಾಢನಿದ್ದೆಯೂ ಹೆಚ್ಚಿತ್ತು. ಅವು ಯಂತ್ರ ತೂಗಿದ ಮಂಚಗಳು, ಜೋಲಿಯಲ್ಲ ಎಂಬುದನ್ನು ಮರೆಯದೆ ಈ ಮಾತನ್ನು ಒಪ್ಪಬೇಕು.

ಪುಷ್ಯ ಮಾಘದ ಚಳಿಯಲ್ಲಿ ಜೋಲಿಯ ಶತ್ರು ಕೆಳಗಿನ ಗಾಳಿ. ಹೊದ್ದುಕೊಂಡರೆ ಸಾಲದು, ಕೆಳಗೂ ಹಾಸಬೇಕು. ಹತ್ತಿಯ ದುಪ್ಪಟಿ ಮೈಭಾರಕ್ಕೆ ಅಮುಕಿ ತೆಳುವಾಗುತ್ತದೆ. ಕುರಿ ಉಣ್ಣೆಯ ಒರಟು ಕಂಬಳಿಯನ್ನು ಎರಡು ಮಡಿಕೆ ಹಾಕಿದರೆ ಬೆಳಗಿನ ತನಕ ಬೆಚ್ಚಗಿರುತ್ತದೆ. ಮುಂಗಾರಿನ ಮುಂಚಿನ ಗುಡುಗು ಗಾಳಿಯ ಸಂಜೆಗಳಲ್ಲಿ ಹೊರಗೆ ಮಲಗುವ ಸಾಹಸ ಬೇಡ. ಚಿರತೆಯ ಸುಳಿವಿದ್ದ ಊರಲ್ಲೂ ಬೇಡ: 2019–20ರಲ್ಲಿ ಇದೇ ಜಿಲ್ಲೆಯಲ್ಲಿ ಚಿರತೆ ದಾಳಿಗೆ ಜೀವಗಳು ಹೋಗಿವೆ.

ಪಂಪ್‌ಸೆಟ್ಟಿಗೆ ಹಗಲಲ್ಲೇ ಕರೆಂಟು ಕೊಡಿ ಎಂಬುದು ರೈತರ ಹಳೆಯ ಬೇಡಿಕೆ, ನ್ಯಾಯವಾದ ಬೇಡಿಕೆ. ಅದು ಈಡೇರುವ ತನಕ ಒಂದು ಸಣ್ಣ ಕೆಲಸವಂತೂ ಆಗಬಹುದು. ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತರಬೇತಿಗೆಂದು ರೈತರು ಬರುತ್ತಲೇ ಇರುತ್ತಾರೆ. ಮುಂದಿನ ತರಬೇತಿಯ ದಿನ ಅಲ್ಲಿಯ ಎರಡು ಮರಗಳಿಗೆ ಒಂದು ಜೋಲಿ ಕಟ್ಟಿ, ಬಂದವರನ್ನೆಲ್ಲ ಒಂದೈದು ನಿಮಿಷ ಓರೆಯಾಗಿ ಮಲಗಿಸಿ ನೋಡಲಿ. ತೆಂಗಿನ ಮರ ಮಾತ್ರ ಬೇಡ.