ಮನೆ ನಿಮ್ಮದು, ನೆಲ ಯಾರದ್ದು?

ಗೆಳೆಯರೇ, ಸಾಲ ಮಾಡಿ ಫ್ಲ್ಯಾಟ್ ಕೊಂಡಿರಿ, ಬಾಗಿಲಿಗೆ ತೋರಣ ಕಟ್ಟಿದಿರಿ. ಸಂತೋಷ! ಆದರೆ ಆ ಕಟ್ಟಡ ನಿಂತಿರುವ ನೆಲ ಯಾರ ಹೆಸರಿನಲ್ಲಿದೆ? ಎಂದಾದರೂ ಕೇಳಿದ್ದೀರಾ?

2022ರ ಸೆಪ್ಟೆಂಬರ್ ಮಳೆ ನೆನಪಿಸಿಕೊಳ್ಳಿ. ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳು ಕೆರೆಯಾದವು. ಕೋಟಿ ಬೆಲೆಯ ಮನೆಯವರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. ನೀರು ಇಳಿದ ಮೇಲೆ ಏಳುವ ಪ್ರಶ್ನೆ ಒಂದೇ: ಕೆಟ್ಟ ಲಿಫ್ಟು, ಪಂಪುಗಳ ಖರ್ಚು ಯಾರ ತಲೆಗೆ?

ಕಾನೂನು ಇಲ್ಲವೆಂದಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಕಾಯ್ದೆ ನೆಲ, ಮೆಟ್ಟಿಲು, ಚಾವಣಿಯಲ್ಲಿ ಪ್ರತಿ ಮಾಲೀಕನಿಗೂ ಪಾಲು ಕೊಟ್ಟಿತು. 2016ರ ರೇರಾ ಕಾಯ್ದೆ ಇನ್ನೂ ಮುಂದೆ ಹೋಯಿತು. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಸಾಮಾನ್ಯ ಜಾಗವನ್ನು ಮಾಲೀಕರ ಸಂಘಕ್ಕೆ ಬರೆದುಕೊಡಬೇಕು.

ಆದರೆ ನಮ್ಮ ಎಷ್ಟೋ ಸಂಘಗಳು ನೋಂದಣಿಯಾದದ್ದು 1960ರ ಸಂಘಗಳ ಕಾಯ್ದೆಯಡಿ. ಅದು ಸಾಹಿತ್ಯ, ಕ್ರೀಡೆ, ದಾನಧರ್ಮದ ಸಂಘಗಳಿಗಾಗಿ ಬಂದ ಕಾಯ್ದೆ! ಗಣೇಶೋತ್ಸವ ನಡೆಸಲು ಸಾಕು, ನೆಲ ಉಳಿಸಿಕೊಳ್ಳಲು ಸಾಕೇ?

ಮುಂದಿನ ಭಾನುವಾರ ಸಂಘದ ಸಭೆಗೆ ಹೋಗಿ. ಟಿವಿ ಆಮೇಲೆ ನೋಡಿ. ನಮ್ಮ ಸಂಘ ಯಾವ ಕಾಯ್ದೆಯದು? ನೆಲದ ಪತ್ರ ಎಲ್ಲಿ? ವಿಮೆ ಕಟ್ಟಿದೆಯೇ? 5 ವರ್ಷದಲ್ಲಿ ಎಷ್ಟು ಉಳಿದಿದೆ? ಎದ್ದುನಿಂತು ಕೇಳಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು?