ಎರಡು ದ್ವೀಪಗಳ ನಡುವೆ

ಬಡಗಿಯ ಕೈಯಿಂದ ಅವನ ಉಳಿಯನ್ನು ಬಿಡಿಸುವುದು ಸುಲಭವಲ್ಲ. ವರ್ಷಗಟ್ಟಲೆ ಹಿಡಿದು ಹಿಡಿದು ಅದರ ಹಿಡಿ ಅವನ ಅಂಗೈಗೆ ಒಪ್ಪುವಂತೆ ಸವೆದಿರುತ್ತದೆ. ಅದಕ್ಕಿಂತ ಹರಿತವಾದ ಉಳಿಯೊಂದನ್ನು ತಂದುಕೊಟ್ಟರೂ ಆತನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಅಲಗನ್ನು ಸವರಿ, ಚೆನ್ನಾಗಿದೆಯೆಂದು ಒಪ್ಪಿ, ಮರುಗಳಿಗೆಯೇ ಹಳೆಯದನ್ನು ಕೈಗೆತ್ತಿಕೊಳ್ಳುತ್ತಾನೆ. ನೋಡುವವರಿಗೆ ಇದು ಹಟವೆಂದು ತೋರಬಹುದು. ಆದರೆ ಉಪಕರಣ ಬದಲಾದರೆ ಕೈ ಮತ್ತೆ ಕಲಿಯಬೇಕು; ಕಲಿಯುವಷ್ಟು ಕಾಲದ ಕೂಲಿಯನ್ನು ಯಾರು ಕೊಟ್ಟಾರು ಎಂಬ ಲೆಕ್ಕವು ಆ ಹಟದೊಳಗೆ ಅಡಗಿರುತ್ತದೆ.

ಕಂಪ್ಯೂಟರಿಗೆ ಪ್ರೋಗ್ರಾಮು ಬರೆದು ಜೀವಿಸುವವರೂ ಈ ಮಾತಿಗೆ ಹೊರತಾದವರಲ್ಲ. ಅವರ ಉಳಿ ಕಬ್ಬಿಣದ್ದಲ್ಲವೆಂಬುದೊಂದೇ ವ್ಯತ್ಯಾಸ. ಅವರು ಒಂದು ಭಾಷೆಯಲ್ಲಿ ಬರೆಯುತ್ತಾರೆ. ಬರೆದುದನ್ನು ತಿದ್ದಿ, ತಪ್ಪು ಹುಡುಕಿ, ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವ ತಂತ್ರಾಂಶವೊಂದನ್ನು ಎದುರಿಗಿಟ್ಟುಕೊಂಡು ದಿನದ ಎಂಟು ಗಂಟೆಗಳನ್ನು ಕಳೆಯುತ್ತಾರೆ. ಭಾಷೆಯನ್ನು ಉಳಿಯೆನ್ನುವುದಾದರೆ ಈ ತಂತ್ರಾಂಶವನ್ನು ಕೆಲಸದ ಮಣೆ ಎನ್ನಬಹುದು. ಮಣೆಯನ್ನು ಒದಗಿಸುವವನು ಹೊಸ ಉಳಿಗೆ ಜಾಗಕೊಟ್ಟೆನೆಂದು ಸಾರಿದಾಗ ಕಸುಬುದಾರರ ಕೇರಿಯಲ್ಲಿ ಏನಾಗುತ್ತದೆಂಬುದಕ್ಕೆ 2017ರಲ್ಲಿ ಒಂದು ಸೊಗಸಾದ ನಿದರ್ಶನ ದೊರಕಿತು.

ಆ ವರ್ಷದ ಮೇ 17ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಮೌಂಟನ್ ವ್ಯೂ ಪಟ್ಟಣದ ಬಯಲು ರಂಗಮಂದಿರದಲ್ಲಿ ಗೂಗಲ್ ಸಂಸ್ಥೆಯ ವಾರ್ಷಿಕ ಸಮಾವೇಶ ಸೇರಿದ್ದಿತು. ಆಂಡ್ರಾಯ್ಡ್ ಫೋನುಗಳಿಗೆ ಆ್ಯಪ್ ಬರೆಯುವವರು ಬಹುಸಂಖ್ಯೆಯಲ್ಲಿ ನೆರೆದಿದ್ದರು. ಹಲವು ಘೋಷಣೆಗಳಾದವು, ಶಿಷ್ಟಾಚಾರದ ಚಪ್ಪಾಳೆಗಳೂ ಆದವು. ಬಳಿಕ ಗೂಗಲ್‌ನ ಸ್ಟೆಫನಿ ಸಾಡ್ ಕತ್‌ಬರ್ಟ್‌ಸನ್ ಎಂಬ ಅಧಿಕಾರಿಣಿ ವೇದಿಕೆಗೆ ಬಂದು, ಆಂಡ್ರಾಯ್ಡ್ ಇನ್ನುಮುಂದೆ ಕಾಟ್ಲಿನ್ ಎಂಬ ಭಾಷೆಯನ್ನು ಅಧಿಕೃತವಾಗಿ ಬೆಂಬಲಿಸುವುದೆಂದು ಹೇಳಿದರು. ಒಡನೆಯೇ ಸಭೆ ಹರ್ಷದಿಂದ ಭೋರ್ಗರೆಯಿತು. ಹೊಸ ಫೋನಿಗೆ ಜನ ಕುಣಿಯುವುದುಂಟು. ಒಂದು ಭಾಷೆಯ ಹೆಸರಿಗೆ ಇಷ್ಟೊಂದು ಸಂಭ್ರಮವೇಕೆ? ಅದನ್ನು ತಿಳಿಯಬೇಕಾದರೆ ಎರಡು ದ್ವೀಪಗಳ ಕಥೆಯನ್ನು ಅರಿಯಬೇಕು.

ಮೊದಲನೆಯದು ಜಾವಾ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಹೊರತಂದ ಭಾಷೆಗೆ ಈ ಹೆಸರಿಟ್ಟಿತು. ಹೆಸರು ಬಂದುದು ಜಾವಾ ಕಾಫಿಯ ಮೂಲಕವಾದರೂ ಆ ಕಾಫಿಗೆ ಹೆಸರು ಕೊಟ್ಟುದು ಇಂಡೊನೇಷ್ಯದ ದ್ವೀಪವೇ. ಭಾಷೆಯ ಲಾಂಛನವೂ ಹಬೆಯಾಡುವ ಒಂದು ಬಟ್ಟಲು ಕಾಫಿಯೇ ಆಗಿದೆ. ಬ್ಯಾಂಕುಗಳು, ವಿಮಾನ ಕಂಪನಿಗಳು, ಸರ್ಕಾರಿ ಕಚೇರಿಗಳು ಎಲ್ಲವೂ ಈ ಭಾಷೆಯನ್ನು ಒಪ್ಪಿದವು. ಕಾಲೇಜುಗಳು ಅದನ್ನು ಪಾಠ ಹೇಳಿದವು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಾಗ ಅದರ ಆ್ಯಪ್‌ಗಳನ್ನು ಬರೆಯಲು ಗೊತ್ತುಮಾಡಿದ ಭಾಷೆಯೂ ಜಾವಾ ಆಗಿದ್ದಿತು.

ಎರಡನೆಯದು ಕಾಟ್ಲಿನ್. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಎದುರಿಗೆ, ಫಿನ್ಲೆಂಡ್ ಕೊಲ್ಲಿಯಲ್ಲಿ ಈ ಹೆಸರಿನ ದ್ವೀಪವಿದೆ. ಜೆಟ್‌ಬ್ರೇನ್ಸ್ ಎಂಬ ಸಂಸ್ಥೆಯವರು ಆ ನಗರದ ತಮ್ಮ ಕಚೇರಿಯಲ್ಲಿ ಒಂದು ಹೊಸ ಭಾಷೆಯನ್ನು ರೂಪಿಸತೊಡಗಿದಾಗ, ಜಾವಾ ಒಂದು ದ್ವೀಪವಾದರೆ ಇದಕ್ಕೂ ದ್ವೀಪದ ಹೆಸರೇ ಇರಲಿ ಎಂದು ಅದನ್ನು ಆರಿಸಿಕೊಂಡರು. 2000ದಲ್ಲಿ ಪ್ರಾಗ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ವೃತ್ತಿ ಭಾಷೆ ಕಟ್ಟುವುದಲ್ಲ. ಮೇಲೆ ಹೇಳಿದ ಕೆಲಸದ ಮಣೆಗಳನ್ನು ಮಾಡಿ ಮಾರುವುದು. ಅವರೇ ಜಾವಾದಲ್ಲಿ ಲಕ್ಷಾಂತರ ಸಾಲುಗಳನ್ನು ಬರೆದು ಬರೆದು ಬೇಸತ್ತಿದ್ದರು. ಬೇರೆ ಹೊಸ ಭಾಷೆಗಳನ್ನು ಪರೀಕ್ಷಿಸಿ ನೋಡಿದರು. ಯಾವುದೂ ಅವರ ಮನಸ್ಸಿಗೆ ಪೂರ್ತಿ ಹಿಡಿಸಲಿಲ್ಲ. ಕಡೆಗೆ ತಮಗೆ ಬೇಕಾದುದನ್ನು ತಾವೇ ಮಾಡಿಕೊಳ್ಳುವೆವೆಂದು 2011ರ ಜುಲೈಯಲ್ಲಿ ಪ್ರಕಟಿಸಿದರು. ಭಾಷೆ ಜನಪ್ರಿಯವಾದರೆ ತಮ್ಮ ಮಣೆಗಳ ಮಾರಾಟವೂ ಹೆಚ್ಚುವುದೆಂಬ ಆಶೆಯನ್ನು ಅವರು ಆಗಲೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ವ್ಯಾಪಾರಿಯು ತನ್ನ ಲಾಭವನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಗಿರಾಕಿಗೆ ಒಂದು ಬಗೆಯ ನೆಮ್ಮದಿಯೇ ಸರಿ. ಮರುವರ್ಷ ಭಾಷೆಯ ಒಳಮರ್ಮವನ್ನೆಲ್ಲ ಯಾರು ಬೇಕಾದರೂ ಓದಿ ಬಳಸಬಹುದೆಂದು ಮುಕ್ತಗೊಳಿಸಿದರು. 2016ರ ಫೆಬ್ರವರಿಯಲ್ಲಿ ಅದರ ಮೊದಲ ಪಕ್ವವಾದ ಆವೃತ್ತಿ ಹೊರಬಂದಿತು.

ಹಳೆಯ ಭಾಷೆಯಲ್ಲಿ ಇದ್ದ ತೊಡಕೇನು? ಮನೆಯ ಅಡಿಗೆಕೋಣೆಯನ್ನೇ ನೆನೆದುಕೊಳ್ಳಬಹುದು. ಕಪಾಟಿನ ಡಬ್ಬಿಯ ಮೇಲೆ 'ಸಕ್ಕರೆ' ಎಂದು ಚೀಟಿ ಅಂಟಿಸಿದೆ. ಅತಿಥಿಗಳು ಬಂದು ಕುಳಿತಿದ್ದಾರೆ, ಕಾಫಿ ಕುದಿಯುತ್ತಿದೆ. ಗೃಹಿಣಿಯು ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಚೀಟಿ ಸುಳ್ಳು ಹೇಳಲಿಲ್ಲ. ಡಬ್ಬಿ ಬರಿದಾಗಿರಬಹುದೆಂಬುದನ್ನು ಅದು ತಿಳಿಸಲಿಲ್ಲ, ಅಷ್ಟೆ. ಪ್ರೋಗ್ರಾಮಿನಲ್ಲಿಯೂ ಇಂತಹ ಬರಿಯ ಡಬ್ಬಿಗಳಿರುತ್ತವೆ. ಅವಕ್ಕೆ 'ನಲ್' ಎಂದು ಹೆಸರು. ಬರಿದಾದ ಡಬ್ಬಿಗೆ ಪ್ರೋಗ್ರಾಮು ಕೈಹಾಕಿದೊಡನೆ ಫೋನಿನ ಆ್ಯಪ್ ನಿಂತುಹೋಗುತ್ತದೆ. ಬಸ್ಸಿನ ಟಿಕೆಟ್ಟಿಗೆ ಹಣ ಕಟ್ಟುತ್ತಿದ್ದವನು ಪೆಚ್ಚುಮೋರೆ ಹಾಕಿಕೊಂಡು ಕೂರಬೇಕಾಗುತ್ತದೆ. 1965ರಲ್ಲಿ ಈ ಕಲ್ಪನೆಯನ್ನು ಮೊದಲು ಬಳಕೆಗೆ ತಂದ ಆಂಗ್ಲ ವಿಜ್ಞಾನಿ ಟೋನಿ ಹೋರ್ ಅವರು, ಅದು ನೂರು ಕೋಟಿ ಡಾಲರುಗಳ ತಪ್ಪಾಯಿತೆಂದು 2009ರಲ್ಲಿ ಸಾರ್ವಜನಿಕವಾಗಿ ಒಪ್ಪಿಕೊಂಡರು.

ಕಾಟ್ಲಿನ್ ಈ ರೋಗಕ್ಕೆ ಸರಳವಾದ ಮದ್ದನ್ನು ಕಂಡುಕೊಂಡಿತು. ಬರಿದಾಗಿರಬಹುದಾದ ಡಬ್ಬಿಯ ಚೀಟಿಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಲೇಬೇಕು. ಆ ಚಿಹ್ನೆಯಿದ್ದ ಡಬ್ಬಿಗೆ, ಒಳಗೆ ಏನಾದರೂ ಇದೆಯೇ ಎಂದು ನೋಡದೆ ಕೈಹಾಕುವಂತಿಲ್ಲ. ಹಾಕಹೊರಟರೆ ಕೆಲಸದ ಮಣೆಯೇ ತಡೆಯುತ್ತದೆ. ಅತಿಥಿಯ ಮುಂದೆ ಆಗಬೇಕಾಗಿದ್ದ ಅವಮಾನ ಅಡಿಗೆಕೋಣೆಯಲ್ಲಿಯೇ ತಪ್ಪುತ್ತದೆ. ಅಲ್ಲದೆ, ಗಿರಾಕಿಯೊಬ್ಬನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಒಟ್ಟಿಗೆ ಇಡುವಂತಹ ಸಾಮಾನ್ಯ ಕೆಲಸಕ್ಕೆ ಅಂದಿನ ಜಾವಾದಲ್ಲಿ ಹತ್ತಾರು ಸಾಲುಗಳು ಬೇಕಾಗುತ್ತಿದ್ದವು. ಕಾಟ್ಲಿನ್‌ನಲ್ಲಿ ಒಂದೇ ಸಾಲು ಸಾಕು.

ಆಂಡ್ರಾಯ್ಡ್ ಕಸುಬುದಾರರಿಗೆ ಇನ್ನೊಂದು ಸಂಕಟವೂ ಇದ್ದಿತು. ಜಾವಾ ತಾನೂ ಬೆಳೆಯುತ್ತಿದ್ದಿತು. 2014ರಲ್ಲಿ ಅದಕ್ಕೆ ಹಲವು ಹೊಸ ಸೌಕರ್ಯಗಳು ಸೇರಿದವು. ಆದರೆ ಆಂಡ್ರಾಯ್ಡ್‌ನಲ್ಲಿ ಬಳಸಬಹುದಾಗಿದ್ದುದು ಹಳೆಯ ಜಾವಾ ಮಾತ್ರ. ಇದರ ಮೇಲೆ ನ್ಯಾಯಾಲಯದ ನೆರಳೂ ಬಿದ್ದಿತು. ಸನ್ ಸಂಸ್ಥೆಯನ್ನು ಕೊಂಡುಕೊಂಡ ಒರೇಕಲ್ ಕಂಪನಿಯು ಜಾವಾದ ಬಳಕೆಯ ವಿಚಾರವಾಗಿ 2010ರಲ್ಲಿ ಗೂಗಲ್‌ನ ಮೇಲೆ ದಾವೆ ಹೂಡಿತು. ಆ ವ್ಯಾಜ್ಯ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದು, 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗೂಗಲ್‌ನ ಪರವಾಗಿ ತೀರ್ಪು ಕೊಟ್ಟ ಮೇಲೆ ಮುಗಿಯಿತು. ಇತ್ತ 2014ರಲ್ಲಿ ಆ್ಯಪಲ್ ಕಂಪನಿ ತನ್ನ ಫೋನುಗಳಿಗೆ ಬರೆಯುವವರಿಗಾಗಿ ಸ್ವಿಫ್ಟ್ ಎಂಬ ನವೀನ ಭಾಷೆಯನ್ನು ಕೊಟ್ಟಿತು. ನೆರೆಮನೆಯವರು ಹಬ್ಬಕ್ಕೆ ಹೊಸ ಬಟ್ಟೆ ಉಟ್ಟು ಓಡಾಡುವಾಗ ಹಳೆಯ ಬಟ್ಟೆಗೆ ತೇಪೆ ಹಾಕಿಕೊಂಡು ಕೂತವರ ಮನಸ್ಸು ಹೇಗಿರಬೇಡ!

ಹೀಗಾಗಿ 2017ಕ್ಕೆ ಮೊದಲೇ ಕೆಲವರು ಕಾಟ್ಲಿನ್‌ನ ರುಚಿ ನೋಡಿದ್ದರು. ಸ್ಕ್ವೇರ್ ಸಂಸ್ಥೆಯಲ್ಲಿದ್ದ ಜೇಕ್ ವಾರ್ಟನ್ ಎಂಬ ಹೆಸರಾಂತ ತಂತ್ರಜ್ಞರು ಆಂಡ್ರಾಯ್ಡ್‌ಗೆ ಈ ಭಾಷೆ ಏಕೆ ತಕ್ಕುದೆಂಬುದನ್ನು ವಿವರಿಸಿ 2015ರಲ್ಲಿಯೇ ಒಂದು ಬರಹವನ್ನು ಪ್ರಚುರಪಡಿಸಿದ್ದರು. ಪಿಂಟರೆಸ್ಟ್, ಫ್ಲಿಪ್‌ಬೋರ್ಡ್ ಮೊದಲಾದ ಕಂಪನಿಗಳು ತಮ್ಮ ಆ್ಯಪ್‌ಗಳಲ್ಲಿ ಅದನ್ನು ಬಳಸಿಯೂ ಇದ್ದವು. ಆದರೆ ಸಾಮಾನ್ಯ ನೌಕರನ ಪಾಡು ಬೇರೆ. ಅವನು ಮೇಲಧಿಕಾರಿಯ ಬಳಿಗೆ ಹೋಗಿ ಹೊಸ ಭಾಷೆಯಲ್ಲಿ ಬರೆಯಲೇ ಎಂದು ಕೇಳಿದರೆ, ಆ ಕಂಪನಿ ನಾಳೆ ಭಾಷೆಯನ್ನು ಕೈಬಿಟ್ಟರೆ ಗತಿಯೇನೆಂದು ಅಧಿಕಾರಿ ಕೇಳುವನು. ಪ್ರಶ್ನೆ ನ್ಯಾಯವಾದುದೇ. ಉತ್ತರ ಮಾತ್ರ ನೌಕರನ ಕೈಯಲ್ಲಿರಲಿಲ್ಲ.

ಮೇ 17ರ ಹರ್ಷೋದ್ಗಾರದ ಗುಟ್ಟು ಇಲ್ಲಿದೆ. ಭಾಷೆ ಅಂದು ಹುಟ್ಟಿದುದಲ್ಲ. ಅದರ ಗುಣಗಳು ಅಂದು ಒಂದಿಷ್ಟೂ ಹೆಚ್ಚಲಿಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಎಂಬ ಅಧಿಕೃತ ಮಣೆಯೂ ಮೂಲತಃ ಜೆಟ್‌ಬ್ರೇನ್ಸ್‌ನವರ ತಂತ್ರಾಂಶದ ಅಡಿಪಾಯದ ಮೇಲೆಯೇ ಕಟ್ಟಿದುದಾದ್ದರಿಂದ ಅದರಲ್ಲಿ ಕಾಟ್ಲಿನ್ ಬರೆಯುವುದು ಹಿಂದಿನ ದಿನವೂ ಸಾಧ್ಯವಿದ್ದಿತು. ಹೊಸದಾಗಿ ಬಂದುದು ಭರವಸೆ. ತೊಡಕಾದರೆ ಕೇಳುವವರುಂಟು, ತಪ್ಪಿದ್ದರೆ ತಿದ್ದುವವರುಂಟು, ಎಂದಾದರೊಂದು ದಿನ ನಡುನೀರಿನಲ್ಲಿ ಕೈಬಿಡುವುದಿಲ್ಲ ಎಂಬ ಮಾತು. ಭಾಷೆಯ ಯೋಗಕ್ಷೇಮಕ್ಕಾಗಿ ಎರಡು ಕಂಪನಿಗಳೂ ಸೇರಿ ಒಂದು ಪ್ರತಿಷ್ಠಾನವನ್ನು ಏರ್ಪಡಿಸುವುದಾಗಿಯೂ ಹೇಳಿದವು. ಗುಟ್ಟಾಗಿ ಒಲಿದವರ ಮದುವೆಗೆ ಹಿರಿಯರು ಒಪ್ಪಿಗೆ ಕೊಟ್ಟಂತಾಯಿತು.

ಆದರೆ ಎಲ್ಲರೂ ಚಪ್ಪಾಳೆ ತಟ್ಟಿದರೆಂದು ತಿಳಿಯಬಾರದು. ಹತ್ತು ಹದಿನೈದು ವರ್ಷ ಜಾವಾದಲ್ಲಿಯೇ ಕೈ ಪಳಗಿಸಿಕೊಂಡವರಲ್ಲಿ ಅನೇಕರಿಗೆ ಒಳಗೊಳಗೇ ಕಳವಳವಾಯಿತು. ಇಪ್ಪತ್ತೆರಡರ ತರುಣನೂ ನಲವತ್ತರ ಅನುಭವಿಯೂ ಹೊಸ ಭಾಷೆಯ ಮೊದಲ ಪಾಠವನ್ನು ಒಂದೇ ಬೆಂಚಿನ ಮೇಲೆ ಕುಳಿತು ಕಲಿಯಬೇಕು. ತರುಣನಿಗೆ ಸಂಜೆಯ ಹೊತ್ತೆಲ್ಲ ತನ್ನದು. ನಲವತ್ತರವನಿಗೆ ಮಕ್ಕಳ ಪರೀಕ್ಷೆ, ತಾಯಿಯ ಔಷಧ, ಮನೆಯ ಸಾಲದ ಕಂತು. ಆಗತಾನೆ ಕಾಲೇಜಿನಲ್ಲಿ ಜಾವಾ ಕಲಿತು ಹೊರಬಿದ್ದ ವಿದ್ಯಾರ್ಥಿಗಳ ಚಿಂತೆಯೂ ಇಂಥದೇ ಆಗಿದ್ದಿತು.

ಇನ್ನು ಕೆಲವರದು ಅನುಮಾನ. ಮಣೆ ಮಾರುವವನೇ ಉಳಿಯನ್ನೂ ಮಾಡಿದರೆ, ಆ ಉಳಿ ಅವನ ಮಣೆಯ ಮೇಲೆ ಮಾತ್ರವೇ ಚೆನ್ನಾಗಿ ಆಡೀತು ಎಂದು ಅವರು ವಾದಿಸಿದರು. ಗೂಗಲ್‌ನಲ್ಲಿಯೇ ಹುಟ್ಟಿದ ಗೋ, ಡಾರ್ಟ್ ಎಂಬ ಭಾಷೆಗಳಿರಲು ಅನ್ಯರ ಮಗುವನ್ನು ದತ್ತು ತೆಗೆದುಕೊಂಡುದೇಕೆಂದು ಕೇಳಿದವರೂ ಉಂಟು. ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸಲು ಹೆಚ್ಚು ಹೊತ್ತು ಹಿಡಿಯುವುದೆಂದು, ಆ್ಯಪ್‌ನ ಗಾತ್ರ ಹಿಗ್ಗುವುದೆಂದು ತೂಕ ಹಾಕಿ ನೋಡಿದವರಿದ್ದರು. ಇವು ಕೇವಲ ಕೊಂಕುಮಾತುಗಳಾಗಿರಲಿಲ್ಲ. ದಿನಾಲೂ ದುಡಿಯುವವನ ಕಣ್ಣಿಗೆ ಮಾತ್ರ ಬೀಳುವ ಸಣ್ಣ ನಷ್ಟಗಳೂ ಲೆಕ್ಕಕ್ಕೆ ಸೇರಬೇಕಾದುವೇ.

ಈ ಕಳವಳ ಜಗಳವಾಗಿ ಬೆಳೆಯದೆ ಬಹುಮಟ್ಟಿಗೆ ಶಾಂತವಾದುದಕ್ಕೆ ಕಾರಣ, ಭಾಷೆಯನ್ನು ಕಟ್ಟಿದವರ ವಿವೇಕ. ಅವರು ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿರೆಂದು ಹೇಳಲಿಲ್ಲ. ಒಂದೇ ಆ್ಯಪ್‌ನಲ್ಲಿ ಜಾವಾದಲ್ಲಿ ಬರೆದ ಭಾಗಗಳೂ ಕಾಟ್ಲಿನ್‌ನಲ್ಲಿ ಬರೆದ ಭಾಗಗಳೂ ಒಂದನ್ನೊಂದು ಕರೆದು ಮಾತನಾಡಿಸಬಲ್ಲವು. ಹತ್ತು ವರ್ಷ ದುಡಿದು ಬರೆದುದನ್ನು ಬಿಸುಡಬೇಕಾಗಿಲ್ಲ. ಇಂದು ಒಂದು ಕೋಣೆ, ಮುಂದಿನ ತಿಂಗಳು ಇನ್ನೊಂದು ಕೋಣೆ ಎಂದು ಸಾವಕಾಶವಾಗಿ ಬದಲಾಯಿಸಿಕೊಳ್ಳಬಹುದು. ಜಾವಾದಲ್ಲಿ ಬರೆದುದನ್ನು ಕಾಟ್ಲಿನ್‌ಗೆ ತಿರುಗಿಸಿಕೊಡುವ ಸೌಕರ್ಯವನ್ನೂ ಮಣೆಯಲ್ಲಿ ಅಳವಡಿಸಿದರು. ಇದು ಹೆಚ್ಚಿನ ಭಾಷೆಯೇ ಹೊರತು ಹಳೆಯದರ ಬದಲಿಗೆ ಬಂದುದಲ್ಲವೆಂದು ಗೂಗಲ್ ಕೂಡ ಸ್ಪಷ್ಟವಾಗಿ ಸಾರಿತು.

ಆದರೂ ಕಾಲದ ನಡೆಯನ್ನು ಯಾವ ಮಾತೂ ಪೂರ್ತಿ ತಡೆಯಲಾರದು. 2019ರ ಮೇ ತಿಂಗಳಲ್ಲಿ ಗೂಗಲ್, ಆಂಡ್ರಾಯ್ಡ್‌ನ ಕೆಲಸದಲ್ಲಿ ಇನ್ನು ಕಾಟ್ಲಿನ್‌ಗೇ ಮೊದಲ ಮಣೆಯೆಂದು ಪ್ರಕಟಿಸಿತು; ಆ ವೇಳೆಗೆ ವೃತ್ತಿನಿರತ ಆಂಡ್ರಾಯ್ಡ್ ತಂತ್ರಜ್ಞರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಬಳಸುತ್ತಿದ್ದರೆಂದೂ ಹೇಳಿತು. 2021ರ ಜುಲೈಯಲ್ಲಿ ಆ್ಯಪ್‌ಗಳ ಪರದೆಯನ್ನು ರೂಪಿಸುವ ಜೆಟ್‌ಪ್ಯಾಕ್ ಕಂಪೋಸ್ ಎಂಬ ಹೊಸ ಸಾಧನ ಪಕ್ವವಾಗಿ ಬಂದಾಗ ಅದನ್ನು ಕಾಟ್ಲಿನ್‌ನಲ್ಲಿ ಬರೆಯುವವರಿಗಾಗಿಯೇ ರಚಿಸಲಾಗಿದ್ದಿತು. ಹಳೆಯ ಮನೆಗೆ ಯಾರೂ ಬೀಗ ಹಾಕಲಿಲ್ಲ, ನಿಜ. ಆದರೆ ಹೊಸ ಬಡಾವಣೆಯ ರಸ್ತೆಗಳೆಲ್ಲ ಹೊಸ ಮನೆಗಳ ಕಡೆಗೇ ಸಾಗಿದವು. ನಲವತ್ತರವನ ಕಳವಳ ಹುಸಿಯಾಗಿರಲಿಲ್ಲ. ಅದು ನಿಜವಾಗುವುದಕ್ಕೆ ನಾಲ್ಕು ವರ್ಷಗಳ ಅವಕಾಶ ದೊರೆಯಿತು, ಅಷ್ಟೆ. ಆ ಅವಕಾಶವನ್ನು ಅಲ್ಪವೆನ್ನಲಾಗದು. ಕಲಿಯುವವನಿಗೆ ಬೇಕಾದುದು ಅದೇ ತಾನೆ?

ಬೆಂಗಳೂರಿನಲ್ಲಿ ಇದೇ ಕಸುಬಿನಿಂದ ಸಂಸಾರ ಸಾಗಿಸುವವರು ಸಾವಿರಾರು ಮಂದಿ. ಊಟವಾದ ಮೇಲೆ ಮಗನೋ ಸೊಸೆಯೋ ಲ್ಯಾಪ್‌ಟಾಪಿನ ಮುಂದೆ ಮತ್ತೆ ಕುಳಿತರೆ, ಕಚೇರಿಯ ಕೆಲಸವಿನ್ನೂ ಮುಗಿಯಲಿಲ್ಲವೇ ಎಂದು ಹಿರಿಯರು ಗೊಣಗುವುದುಂಟು. ಎಷ್ಟೋ ವೇಳೆ ಅದು ಕಚೇರಿಯ ಕೆಲಸವಾಗಿರುವುದಿಲ್ಲ. ಯಾವುದೋ ದೂರದ ಊರಿನ ವೇದಿಕೆಯಿಂದ ಬಂದ ಒಂದು ಘೋಷಣೆಗೆ ಉತ್ತರವಾಗಿ, ಒಮ್ಮೆ ಪಳಗಿದ ಕೈಯನ್ನು ಮತ್ತೊಮ್ಮೆ ಪಳಗಿಸಿಕೊಳ್ಳುವ ಪಾಠ ಅಲ್ಲಿ ನಡೆದಿರುತ್ತದೆ. ಅದಕ್ಕೆ ಸಂಬಳವಿಲ್ಲ, ಸಭೆಯ ಚಪ್ಪಾಳೆಯೂ ಇಲ್ಲ. ಅಂತಹ ಹೊತ್ತಿನಲ್ಲಿ ಒಂದು ಲೋಟ ಬಿಸಿ ಕಾಫಿಯನ್ನು ಸದ್ದಿಲ್ಲದೆ ತಂದು ಪಕ್ಕದಲ್ಲಿರಿಸುವ ಮನೆಯವರೂ ಆ ಕಲಿಕೆಯಲ್ಲಿ ಪಾಲುದಾರರೇ ಸರಿ.